ತೂಕದಕ್ಕನ ಕೈ

ನನ್ನ ಓರಗಿತ್ತಿಯ ಹಿಡಿತ ಎಂಥದ್ದು ಎಂದು ಅವಳ ಜೊತೆ ರಸ್ತೆ ದಾಟಿದವರಿಗೇ ಗೊತ್ತು. ಮೊಣಕೈಗಿಂತ ಸ್ವಲ್ಪ ಮೇಲೆ, ಒಳಗಡೆಯಿಂದ, ನಾಲ್ಕು ಬೆರಳು ಅಡಿಗೆ, ಹೆಬ್ಬೆರಳು ಮೇಲಕ್ಕೆ. ಒಮ್ಮೆ ಹಿಡಿದಳೆಂದರೆ ಆಚೆ ಬದಿ ಮುಟ್ಟುವವರೆಗೂ ಬಿಡುವವಳಲ್ಲ. ಅವಳ ಗಂಡ, ಅಂದರೆ ನನ್ನ ಮೈದುನ, ಬೀಗ ರಿಪೇರಿ ಮಾಡುವವನು. ಕಂಬದಂಥ ಆಳು. ಮದುವೆಯಾದಾಗಿನಿಂದ ಅವನನ್ನು ಹೀಗೇ ದಾಟಿಸುತ್ತಿದ್ದಾಳೆ. "ಎಂಥ ಬೀಗ ತಂದ್ರೂ ಬಿಡಿಸ್ತೀನಿ ಅತ್ತಿಗೆ, ಇವಳ ಕೈ ಒಂದನ್ನ ಬಿಡಿಸೋಕಾಗ್ಲಿಲ್ಲ" ಎಂದು ಅವನು ನಗುತ್ತಾನೆ. ಒಮ್ಮೆ ಚಪ್ಪಲಿ ಅಂಗಡಿಯ ಮೆಟ್ಟಿಲಲ್ಲಿ ಗುರುತು ಪರಿಚಯ ಇಲ್ಲದ ಗಂಡಸೊಬ್ಬ ತಡವರಿಸಿದನೆಂದು ತೋಳು ಹಿಡಿದು ಜೋಪಾನವಾಗಿ ಕೆಳಗಿಳಿಸಿದಳು. ಇಳಿಸಿದ ಮೇಲೆ ತಿಳಿಯಿತು, ಪಾಪ, ಆತ ಹತ್ತಲು ಹೊರಟವನು.

ಅವಳಿಗೆ ಆಸ್ಪತ್ರೆಯ ಕೆಲಸ ಸಿಕ್ಕಿದ್ದೂ ಈ ಕೈಯಿಂದಲೇ. ಮೊದಲು ಅವಳು ಅಲ್ಲಿಯ ಅಡುಗೆಮನೆಯಲ್ಲಿದ್ದಳು. ಬೆಳಗ್ಗೆ ಚಹಾದ ಗಾಡಿ ತಳ್ಳಿಕೊಂಡು ವಾರ್ಡಿಂದ ವಾರ್ಡಿಗೆ ಹೋಗುವುದು, ಲೋಟ ಕೊಡುವುದು, ಖಾಲಿ ಲೋಟ ತರುವುದು. ಒಂದು ದಿನ ಹೃದಯದ ವಾರ್ಡಿನಲ್ಲಿ ಮುದುಕರೊಬ್ಬರು ಹಾಸಿಗೆಯಿಂದ ಎದ್ದವರು ಹಾಗೇ ಕಣ್ಣು ಕತ್ತಲಿಟ್ಟು ವಾಲಿದರು. ಇವಳು ಗಾಡಿ ಬಿಟ್ಟು ಅವರನ್ನು ಹಿಡಿದಳು. ಗಾಡಿ ತಾನಾಗಿ ಉರುಳಿ ಹೋಗಿ ಗೋಡೆಗೆ ಬಡಿದು ಚಹಾವೆಲ್ಲ ನೆಲದ ಪಾಲಾಯಿತು. ಮುದುಕರಿಗೆ ಒಂದು ಗೀರೂ ಬೀಳಲಿಲ್ಲ. ವಾರ್ಡು ನೋಡಿಕೊಳ್ಳುವ ದೊಡ್ಡ ಸಿಸ್ಟರ್ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿ, "ಚಹಾ ಹೋದ್ರೆ ಹೋಗ್ಲಿ. ನಾಳೆಯಿಂದ ಅಡುಗೆಮನೆ ಬೇಡ, ಇಲ್ಲೇ ಇದ್ದುಬಿಡು" ಎಂದರಂತೆ.

ಹಾಗೆ ಅವಳು ಹೃದಯದ ವಾರ್ಡಿಗೆ ಬಂದಳು. ರೋಗಿಗಳನ್ನು ಎಬ್ಬಿಸುವುದು, ನಡೆಸುವುದು, ಬಚ್ಚಲಿಗೆ ಕರೆದುಕೊಂಡು ಹೋಗುವುದು, ಬೆಳಗ್ಗೆ ತೂಕ ನೋಡುವುದು. ಈ ಕೊನೆಯದ್ದೇ ದೊಡ್ಡ ಕೆಲಸ. ಹೃದಯ ಸೋತವರ ಮೈಯಲ್ಲಿ ನೀರು ನಿಲ್ಲುತ್ತದೆ. ಕಾಲು ಊದಿಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಆದರೆ ಕಾಲಿಗೆ ಗೊತ್ತಾಗುವ ಮೊದಲೇ ತೂಕಕ್ಕೆ ಗೊತ್ತಾಗಿರುತ್ತದೆ. ಅದಕ್ಕೇ ದಿನಾ ಬೆಳಗ್ಗೆ ಬಚ್ಚಲಿಗೆ ಹೋಗಿ ಬಂದ ಮೇಲೆ, ಬಾಯಿಗೆ ಏನೂ ಹಾಕಿಕೊಳ್ಳುವ ಮುಂಚೆ ಎಲ್ಲರನ್ನೂ ತೂಗುತ್ತಾರೆ. ಆ ಅಂಕಿಯನ್ನು ಹಾಸಿಗೆಯ ಕಾಲ ಬಳಿಯ ಹಲಗೆಯಲ್ಲಿ ಬರೆಯುತ್ತಾರೆ. ಡಾಕ್ಟರು ಬಂದರೆ ಮೊದಲು ನೋಡುವುದು ಆ ಹಲಗೆಯನ್ನು, ಆಮೇಲೆ ನಮ್ಮ ಮುಖವನ್ನು. ತೂಕ ಏರಿದ್ದರೆ ನೀರಿಳಿಸುವ ಮಾತ್ರೆ ಹೆಚ್ಚು, ಇಳಿದಿದ್ದರೆ ಕಡಿಮೆ. ಇಳಿದು ನಿಂತರೆ ಮನೆಗೆ.

ತೂಕದ ಯಂತ್ರ ಗಂಡಸರ ಕೋಣೆಗೂ ಹೆಂಗಸರ ಕೋಣೆಗೂ ನಡುವಿನ ಓಣಿಯಲ್ಲಿ, ಕಿಟಕಿಯ ಪಕ್ಕ ಇತ್ತು. ಕೆಳಗೆ ಕಪ್ಪು ರಬ್ಬರಿನ ಹಲಗೆ, ಎದೆಯೆತ್ತರಕ್ಕೆ ಒಂದು ಕಂಬ, ಅದರ ತಲೆಯಲ್ಲಿ ಕೆಂಪು ಅಂಕಿ. ಇವಳು ಅಲ್ಲಿ ನಿಂತು, "ಬನ್ನಿ ಅಪ್ಪಾಜಿ, ಹತ್ತಿ. ಹುಷಾರು. ನಾನಿದ್ದೀನಲ್ಲ" ಎಂದು ಒಬ್ಬೊಬ್ಬರನ್ನೇ ಹತ್ತಿಸುತ್ತಿದ್ದಳು. ರೋಗಿಗಳು ಅವಳಿಗೆ ತೂಕದಕ್ಕ ಎಂದು ಹೆಸರಿಟ್ಟರು. ಡಾಕ್ಟರೂ ಹಾಗೇ ಕರೆಯುತ್ತಿದ್ದರು. ಅವಳು ಬಂದಮೇಲೆ ಆ ವಾರ್ಡಿನಲ್ಲಿ ಒಬ್ಬರೂ ಬಿದ್ದದ್ದಿಲ್ಲ. ಇದನ್ನು ಅವಳು ಯಾರು ಕೇಳಿದರೂ ಹೇಳುತ್ತಿದ್ದಳು. ಕೇಳದಿದ್ದರೂ ಹೇಳುತ್ತಿದ್ದಳು.

ನಾನು ಇದನ್ನೆಲ್ಲ ಕಣ್ಣಾರೆ ಕಂಡದ್ದು ನನ್ನ ಕಾಲೇ ಚಪ್ಪಲಿಗೆ ಹಿಡಿಸದಷ್ಟು ಊದಿ ಆ ವಾರ್ಡಿಗೆ ಸೇರಿದಾಗ. ಓಣಿಯ ಬಾಗಿಲ ಪಕ್ಕದ ಹಾಸಿಗೆ ನನ್ನದು. ಆ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಹಾಗಾಗಿ ಓಣಿಯ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

ಆಸ್ಪತ್ರೆಯಲ್ಲಿ ಇನ್ನೊಬ್ಬಳಿದ್ದಳು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಾವ ವಾರ್ಡು ಹೇಗೆ ನೋಡಿಕೊಳ್ಳುತ್ತದೆ ಎಂದು ಅಳೆಯುವುದೇ ಅವಳ ಕೆಲಸ. ಎಷ್ಟು ಜನ ಬಿದ್ದರು, ಎಷ್ಟು ಜನ ಮನೆಗೆ ಹೋದ ತಿಂಗಳೊಳಗೆ ಮತ್ತೆ ಉಬ್ಬಸ ಬಂದು ವಾಪಸಾದರು, ಎಲ್ಲಕ್ಕೂ ಅಂಕ ಹಾಕುತ್ತಿದ್ದಳು. ಎಲ್ಲರೂ ಅವಳನ್ನು ಮಾರ್ಕ್ಸ್ ಮೇಡಂ ಎನ್ನುತ್ತಿದ್ದರು. ಮೆತ್ತನೆಯ ಬೂಟು, ಬಂದದ್ದೇ ಗೊತ್ತಾಗದು. ಒಂದು ಬೆಳಗ್ಗೆ ಓಣಿಯಲ್ಲಿ ಅವಳ ದನಿ ಕೇಳಿತು.

"ಸಿಸ್ಟರ್, ಯಾರೂ ಬೀಳದ ಹಾಗೆ ನೋಡ್ಕೊಳ್ಳೋದ್ರಲ್ಲಿ ನಿಮ್ಮ ವಾರ್ಡೇ ಮೊದಲು. ಆದ್ರೆ ಮನೆಗೆ ಹೋಗಿ ವಾಪಸ್ ಬರೋರ ವಿಷಯದಲ್ಲಿ ಕಟ್ಟಕಡೆ. ಯಾಕೆ ಅಂತ ನೋಡ್ತಾ ಹೋದ್ರೆ, ಈ ತೂಕಗಳಿಗೆ ತಲೆಬುಡ ಇಲ್ಲ. ಒಬ್ಬರು ರಾತ್ರಿ ಬೆಳಗಾಗೋದ್ರೊಳಗೆ ಎರಡು ಕೆಜಿ ಇಳೀತಾರೆ, ಮಾರನೇ ದಿನ ಏರ್ತಾರೆ. ಇಳೀತು ಅಂತ ಡಾಕ್ಟ್ರು ಮಾತ್ರೆ ಕಮ್ಮಿ ಮಾಡ್ತಾರೆ. ನೀರು ಮೈಯೊಳಗೇ ಇಟ್ಕೊಂಡು ಮನೆಗೆ ಹೋಗ್ತಾರೆ. ವಾಪಸ್ ಬರದೆ ಇನ್ನೇನು?"

"ಯಂತ್ರ ಹಳೇದಮ್ಮ" ಎಂದರು ದೊಡ್ಡ ಸಿಸ್ಟರ್.

ಅಡುಗೆಮನೆಯಿಂದ ಬಾಯಿ ಹೊಲಿದ ಸಕ್ಕರೆ ಮೂಟೆ ತರಿಸಿದರು. ಯಂತ್ರದ ಮೇಲಿಟ್ಟರು, ಇಳಿಸಿದರು, ಮತ್ತೆ ಇಟ್ಟರು. ಮೂಟೆಯ ಮೇಲೆ ಅಚ್ಚಾಗಿದ್ದ ತೂಕ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

"ಸಕ್ಕರೆಗೆ ಸರಿಯಾಗಿದೆ, ಮನುಷ್ಯರಿಗೆ ಮಾತ್ರ ತಪ್ಪು ತೋರಿಸುತ್ತಾ?" ಎಂದಳು ಮಾರ್ಕ್ಸ್ ಮೇಡಂ.

"ಸಕ್ಕರೆ ಮೂಟೆಗೆ ಹೃದಯ ಎಲ್ಲಿದೆ ಮೇಡಂ?" ಎಂದಳು ನಮ್ಮವಳು.

ಯಂತ್ರ ಸರಿ ಎಂದಾದ ಮೇಲೆ ಅಂಕಿ ನೋಡುವ ಕಣ್ಣಿನ ಮೇಲೆ ಅನುಮಾನ ಬಂತು. ಇವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಕನ್ನಡಕ ಬಂತು. ಮೂಗಿನ ತುದಿಯಲ್ಲಿ ಅದನ್ನು ಕೂರಿಸಿಕೊಂಡು ಇವಳು ಮೇಷ್ಟರ ಹಾಗೆ ಅಂಕಿ ಓದಿದಳು. ತೂಕ ಮಾತ್ರ ಮೊದಲಿನ ಹಾಗೇ ಏರಿ ಇಳಿದು ಕುಣಿಯಿತು.

ಆಗ ದೊಡ್ಡ ಸಿಸ್ಟರಿಗೂ ಏನೂ ಮಾಡಲು ತೋಚಲಿಲ್ಲ. ಈ ತಿಂಗಳ ಕೊನೆಗೆ ಮೇಡಂ, ಡಾಕ್ಟರು, ತಾವು, ಮೂವರೂ ನಿಂತು ನೋಡುವುದು, ಆಗಲೂ ತೂಕ ಸರಿಬರದಿದ್ದರೆ ಆ ಕೆಲಸವನ್ನು ಓದಿದ ನರ್ಸಿಗೆ ಕೊಟ್ಟು ತೂಕದಕ್ಕನನ್ನು ನೆಲಮಾಳಿಗೆಯ ಬಟ್ಟೆ ಕೋಣೆಗೆ ಕಳಿಸುವುದು ಎಂದು ತೀರ್ಮಾನವಾಯಿತು. ಅಲ್ಲಿ ಕೆಲಸ ಹಗುರ, ಒಗೆದು ಬಂದ ಹಾಸುಬಟ್ಟೆ ಮಡಿಸಿಡುವುದಷ್ಟೇ.

ಅವಳು ಬಂದು ನನ್ನ ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ಸದಾ ಗಲಗಲ ಅನ್ನುವವಳು ಆ ಹೊತ್ತು ನನ್ನ ಶಾಲಿನ ತುದಿಯನ್ನು ಮಡಿಸುತ್ತ ಬಿಚ್ಚುತ್ತ ಇದ್ದಳು.

"ಅಕ್ಕ, ಹಾಸುಬಟ್ಟೆ ಜೊತೆ ಏನ್ ಮಾತಾಡ್ಲಿ ನಾನು?"

"ಅಲ್ಲಿ ಕೂತು ಮಾಡೋ ಕೆಲಸ ಕಣೆ. ನಿನ್ನ ಮಂಡಿಗೂ ಒಳ್ಳೇದು."

"ಮಂಡಿ ಸುಟ್ಟುಹೋಗ್ಲಿ. ಬೆಳಗಾದ್ರೆ ಹತ್ತು ಜನ ‘ಅಕ್ಕ, ಬಂದ್ಯಾ’ ಅಂತಾರೆ. ಅದನ್ನ ಬಿಟ್ಟು ಹೋಗು ಅಂದ್ರೆ ಹೆಂಗೆ ಹೋಗ್ಲಿ?"

ನಾನು ಶಾಲಿನ ಇನ್ನೊಂದು ತುದಿಯನ್ನೂ ಅವಳ ಕಡೆ ಸರಿಸಿದೆ.

ಮಾರ್ಕ್ಸ್ ಮೇಡಂ ಕೆಟ್ಟವಳಲ್ಲ. ತಿಂಗಳ ಕೊನೆಗೆ ಮುಂಚೆ ತಾನೇ ಒಂದು ಬೆಳಗ್ಗೆ ಬಂದು ನಿಂತು ನೋಡುತ್ತೇನೆ ಎಂದಳು. ದೊಡ್ಡವರು ಬರುತ್ತಾರೆಂದರೆ ಮನೆ ಗುಡಿಸುವುದು ಎಲ್ಲ ಕಡೆಯೂ ಇದ್ದದ್ದೇ. ದೊಡ್ಡ ಸಿಸ್ಟರ್ ರೋಗಿಗಳ ಕಡೆಯವರನ್ನೆಲ್ಲ ಓಣಿಯಿಂದ ಹೊರಗೆ ಅಟ್ಟಿದರು. ನಮ್ಮವಳು ಭಯಕ್ಕೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಾವಲುಗಾರನ ಹಾಗೆ ಸೆಟೆದು ನಿಂತಳು. ಒಬ್ಬೊಬ್ಬರನ್ನೂ ಎರಡೆರಡು ಸಲ ಹತ್ತಿಸಿದರು. ಅಂಕಿಗಳು ಎರಡೂ ಸಲ ಒಂದೇ. ಮೇಡಂ ಖುಷಿಯಾಗಿ ಹೋದಳು. ಮಾರನೇ ದಿನ ಹಲಗೆ ನೋಡಿದರೆ ಮತ್ತೆ ಅದೇ ಹಾಡು. ಡ್ರಿಲ್ ಮೇಷ್ಟ್ರು ಎಂಬ ರೋಗಿಯಂತೂ ರಾತ್ರೋರಾತ್ರಿ ಸೊರಗಿಹೋಗಿದ್ದರು.

"ಏನಮ್ಮ ಇದು? ನಾನು ಎದುರಿಗಿದ್ರೆ ಸರಿ, ಬೆನ್ನು ತಿರುಗಿಸಿದ್ರೆ ತಪ್ಪು!"

"ನಿಮ್ಮ ಕಂಡ್ರೆ ಯಂತ್ರಕ್ಕೂ ಹೆದರಿಕೆ ಮೇಡಂ."

ತಮಾಷೆ ಮಾಡಿದಳೇ ಹೊರತು ಅವತ್ತು ಅವಳು ಊಟದ ಡಬ್ಬಿ ಬಿಚ್ಚಲಿಲ್ಲ.

ಈ ಡ್ರಿಲ್ ಮೇಷ್ಟ್ರು ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಕಲಿಸಿ ನಿವೃತ್ತರಾದವರು. ಆರಡಿ ಆಳು, ಮೀಸೆ ಇನ್ನೂ ಸಲ್ಯೂಟ್ ಹೊಡೆಯುತ್ತಿತ್ತು. ಅವರ ಹೆಂಡತಿ ಕಡ್ಡಿಯಂಥವರು. ಗಂಡ ಯಂತ್ರ ಹತ್ತುವಾಗ ಆಕೆ ಎಡದೋಳು ಹಿಡಿಯುತ್ತಿದ್ದರು, ನಮ್ಮವಳು ಬಲದೋಳು. ನಡುವೆ ಮೇಷ್ಟ್ರು ಮದುಮಗನ ಹಾಗೆ ನಿಲ್ಲುತ್ತಿದ್ದರು. ಒಂದು ಬೆಳಗ್ಗೆ ಅವರ ಹಿಂದಿನ ಸರದಿ ನನ್ನದು. ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಹೆಂಡತಿಯ ಕಂಕುಳಲ್ಲಿದ್ದ ನೀರಿನ ಬಾಟಲಿ ಜಾರಿ ಉರುಳಿತು. ಇಬ್ಬರು ಹೆಂಗಸರೂ ಒಟ್ಟಿಗೆ ಬಗ್ಗಿದರು.

"ಅರೆ!" ಎಂದರು ಮೇಷ್ಟ್ರು. "ನಿಂತ ನಿಂತಲ್ಲೇ ಎರಡು ಕೆಜಿ ಏರಿದ್ನಲ್ಲ!"

"ಬಾಟ್ಲಿ ಬಿದ್ದಿದ್ದು ಕೆಳಗೆ, ನೀರು ನಿಮ್ಮ ಹೊಟ್ಟೆಗೆ ಹೋಯ್ತೇನೋ" ಎಂದರು ಹೆಂಡತಿ, ಮತ್ತೆ ತೋಳು ಹಿಡಿಯುತ್ತ. ನಮ್ಮವಳೂ ಹಿಡಿದಳು. ಅಂಕಿ ಸರ್ರನೆ ಇಳಿಯಿತು.

ತೂಕದಕ್ಕ ನಗಲಿಲ್ಲ. ಕೈ ಬಿಟ್ಟಳು. ಏರಿತು. ಹಿಡಿದಳು. ಇಳಿಯಿತು. ಮತ್ತೆ ಬಿಟ್ಟು, "ಅಮ್ಮ, ನೀವೂ ಒಂಚೂರು ಬಿಡಿ" ಎಂದಳು. ಇನ್ನೂ ಏರಿತು. ಮೇಷ್ಟ್ರನ್ನು ಇಳಿಸಿ ಕೂರಿಸಿ, ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಹಿಡಿದು ನೋಡಿದಳು, ಬಿಟ್ಟು ನೋಡಿದಳು. ಆಮೇಲೆ ತನ್ನ ಅಂಗೈಯನ್ನು, ಅದು ಬೇರೆ ಯಾರದೋ ಎಂಬ ಹಾಗೆ, ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಅಕ್ಕ, ನಿನ್ನ ತೂಕದಲ್ಲಿ ಒಂದಿಷ್ಟನ್ನ ಇಷ್ಟು ದಿನ ನಾನೇ ಹೊತ್ಕೊಂಡಿದ್ದೆ ಕಣೆ."

ನಮ್ಮ ಮೈಯ ಭಾರ ಅವಳ ತೋಳಿನ ಮೇಲೆ ಹೋಗುತ್ತಿತ್ತು, ಉಳಿದದ್ದನ್ನಷ್ಟೇ ಯಂತ್ರ ಹೇಳುತ್ತಿತ್ತು. ಒಂದು ದಿನ ಒಬ್ಬರು ಹಿಡಿದರೆ ಒಂದು ಅಂಕಿ, ಇಬ್ಬರು ಹಿಡಿದರೆ ಇನ್ನೊಂದು. ಮೇಡಂ ಬಂದ ದಿನ ಹಿಡಿಯುವವರೇ ಇರಲಿಲ್ಲ.

ಹಾಸಿಗೆಗೆ ಬಂದ ಮೇಲೆ ನಾನು ಮೆಲ್ಲಗೆ ಹೇಳಿದೆ. "ಯಾರಿಗೂ ಉಸಿರೆತ್ತಬೇಡ. ನಾಳೆಯಿಂದ ಕೈ ಬಿಟ್ಟು ತೂಗು. ತಾನಾಗೇ ಸರಿಹೋಗುತ್ತೆ, ನಿನ್ನ ಕೆಲಸವೂ ಉಳಿಯುತ್ತೆ."

"ಅದು ಸರಿ. ಮೊನ್ನೆ ಮನೆಗೆ ಹೋದ್ರಲ್ಲ, ಆ ಮೂಲೆ ಹಾಸಿಗೆ ಅಜ್ಜಿ? ‘ಇಳಿದಿದೆ, ಹೋಗಬಹುದು’ ಅಂದ್ರು ಡಾಕ್ಟ್ರು. ಇಳಿಸಿದ್ದು ಮಾತ್ರೆನಾ, ನನ್ನ ಕೈನಾ? ಅವರಿಗೆ ಯಾರಕ್ಕ ಹೇಳೋದು?"

ಅಷ್ಟು ಹೇಳಿ ಎದ್ದಳು. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಮಾರ್ಕ್ಸ್ ಮೇಡಂ ಕೋಣೆಯ ಬಾಗಿಲಲ್ಲಿ ನಿಂತು, "ಮೇಡಂ, ಕಳ್ಳಿ ಸಿಕ್ಕಿದ್ಲು!" ಎಂದು ಕೂಗಿದಳಂತೆ. ಗಾಬರಿಯಾದ ಮೇಡಂ "ಯಾರು?" ಎಂದರೆ "ನಾನೇ" ಎಂದಳಂತೆ. ಇದನ್ನು ಮೇಡಮ್ಮೇ ಆಮೇಲೆ ನನಗೆ ನಗುತ್ತ ಹೇಳಿದ್ದು.

ಇತ್ತೀಚೆಗೆ ಮನೆಗೆ ಹೋದವರಿಗೆಲ್ಲ ಆ ದಿನವೇ ಫೋನ್ ಹೋಯಿತು. ಬಂದು ತೂಗಿಸಿಕೊಂಡು ಹೋಗಿ ಎಂದು ಕರೆದರು. ಮೂಲೆ ಹಾಸಿಗೆಯ ಅಜ್ಜಿ ಮೊಮ್ಮಗಳ ಜೊತೆ ಬಂದರು, ಪಾದದ ಮೇಲೆ ಆಗಲೇ ಬಾವು. ಡಾಕ್ಟರು ಮಾತ್ರೆ ಹೆಚ್ಚಿಸಿ ಮನೆಗೇ ಕಳಿಸಿದರು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಉಬ್ಬಸ ಬಂದು ಮತ್ತೆ ಹಾಸಿಗೆ ಹಿಡಿಯಬೇಕಿತ್ತು. ಅಜ್ಜಿಗೆ ಇದೊಂದೂ ಅರ್ಥವಾಗಲಿಲ್ಲ. "ನಿನ್ನ ಕೈಗುಣ ಒಳ್ಳೇದು ಕಣಮ್ಮ" ಎಂದು ನಮ್ಮವಳನ್ನು ಹರಸಿದರು. ಅವಳು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ತಪ್ಪು ಸಿಕ್ಕಿತು, ಆದರೆ ತಿಂಗಳ ಕೊನೆಯ ಪರೀಕ್ಷೆ ತಪ್ಪಲಿಲ್ಲ. ದೊಡ್ಡ ಸಿಸ್ಟರ್ ಹೊಸ ಪಟ್ಟು ಹಿಡಿದರು.

"ಕೈ ಬಿಟ್ರೆ ಬೀಳ್ತಾರೆ. ಒಬ್ಬರು ಬಿದ್ದು ಸೊಂಟ ಮುರ್ಕೊಂಡ್ರೆ ತೂಕ ಸರಿ ಇದ್ದು ಏನ್ ಉಪಯೋಗ? ಬೀಳದ ಹಾಗೆ, ಹಿಡಿಯದ ಹಾಗೆ ತೂಗೋದು ನಿನ್ನಿಂದ ಆಗುತ್ತಾ?"

ಮಾರ್ಕ್ಸ್ ಮೇಡಂ ಗೋಡೆಗೆ ಒಂದು ಕಂಬಿ ಹಾಕಿಸಿದಳು, ಹಿಡಿದುಕೊಂಡು ನಿಲ್ಲಲಿ ಎಂದು. ಮೇಷ್ಟ್ರು ಅದನ್ನು ಹಿಡಿದು ಯಂತ್ರ ಹತ್ತಿದರು. ಭಾರವೆಲ್ಲ ಕಂಬಿಗೆ ಹೋಗಿ ಅಂಕಿ ಪಾತಾಳಕ್ಕಿಳಿಯಿತು. "ಇನ್ನೊಂದು ಕಂಬಿ ಹಾಕ್ಸಿ ಮೇಡಂ, ಹೂವಿನ ಹಾಗೆ ಹಾರಿಹೋಗ್ತೀನಿ" ಎಂದರು ಅವರು. ಕಂಬಿಯ ಮೇಲೆ ಆಮೇಲೆ ಟವೆಲು ಒಣಹಾಕಿದರು.

ರೋಗಿಗಳ ಕಡೆಯವರಿಗೆ ‘ಹಿಡಿಯಬೇಡಿ’ ಎಂದು ಎಷ್ಟು ಹೇಳಿದರೂ ಅಷ್ಟೇ. ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದರು. ಒಬ್ಬ ಮಗ ಅದನ್ನು ಗಟ್ಟಿಯಾಗಿ ಓದುತ್ತಲೇ ತಾಯಿಯ ತೋಳು ಹಿಡಿದು ನಿಂತಿದ್ದ. ಕೇಳಿದರೆ, "ಅಮ್ಮ ಕಣ್ರೀ, ಬಿಡೋಕಾಗುತ್ತಾ?" ಎಂದ.

ನಮ್ಮವಳು ಅವನನ್ನು ಬೈಯಲಿಲ್ಲ. ಅದು ಅವಳದ್ದೇ ಕಾಯಿಲೆ. "ನೀನು ಒಳ್ಳೇ ಮಗ ಕಣಪ್ಪ. ತಗೋ, ಅಮ್ಮನ ಚಪ್ಪಲಿ ಹಿಡ್ಕೋ" ಎಂದು ಒಂದು ಕೈಗೆ ಚಪ್ಪಲಿ ಕೊಟ್ಟಳು. ಇನ್ನೊಂದು ಕೈಗೆ ಶಾಲು, ಸ್ವೆಟರು. "ಕೆಳಗೆ ಹಾಕ್ಬೇಡ, ಆಸ್ಪತ್ರೆ ನೆಲ." ಎರಡು ಕೈಯೂ ತುಂಬಿದವನು ಏನು ತಾನೆ ಹಿಡಿಯುತ್ತಾನೆ? ಪಾಪ, ದೀಪಸ್ತಂಭದ ಹಾಗೆ ನಿಂತ. ಅಲ್ಲಿಯವರೆಗೆ ಚಪ್ಪಲಿ, ಶಾಲುಗಳ ತೂಕವೂ ಒಂದು ದಿನ ಸೇರಿ, ಒಂದು ದಿನ ಬಿಟ್ಟು ಹೋಗುತ್ತಿತ್ತು. ಅದೂ ಸರಿಯಾಯಿತು.

ಉಳಿದದ್ದು ಅವಳ ಸ್ವಂತ ಕೈ. ಅದೇ ಕಷ್ಟದ್ದು. ರೋಗಿಯ ಮಂಡಿಯ ಹಿಂದೆ, ಇನ್ನೇನು ತಾಗಬೇಕು ಎನ್ನುವಷ್ಟು ಹತ್ತಿರ ಒಂದು ಕುರ್ಚಿ ಇಟ್ಟಳು. ತಾನು ಮುಂದೆ ನಿಂತಳು. ಎರಡೂ ತೋಳನ್ನು ದೊಡ್ಡ ಹಂಡೆ ಅಪ್ಪುವವಳ ಹಾಗೆ ರೋಗಿಯ ಸುತ್ತ ಬಳಸಿ, ಮೈಗೆ ಒಂದು ಗೇಣು ದೂರದಲ್ಲಿ ನಿಲ್ಲಿಸಿದಳು. "ಕಿಟಕಿ ನೋಡಿ. ಉಸಿರು ಬಿಡಿ. ನಾನಿಲ್ಲೇ ಇದ್ದೀನಿ, ಮುಟ್ಟಲ್ಲ." ಅಂಕಿ ನಿಂತ ಕೂಡಲೇ ಹಿಡಿದು ಇಳಿಸಬಹುದು. ಹೇಳುವುದು ಸುಲಭ. ಮೊದಮೊದಲು ಬೆರಳು ತಾವಾಗಿ ಹೋಗಿ ಮೊಣಕೈಗೆ ಅಂಟಿಕೊಳ್ಳುತ್ತಿದ್ದವು. "ಥೂ, ಮತ್ತೆ ಹೋಯ್ತು ನೋಡು" ಎಂದು ತನ್ನ ಕೈಗೆ ತಾನೇ ಹೊಡೆದುಕೊಳ್ಳುತ್ತಿದ್ದಳು.

ಆ ವಾರ ಮೈದುನ ನನ್ನನ್ನು ನೋಡಲು ಬಂದವನು ಮುಖ ಸಣ್ಣ ಮಾಡಿಕೊಂಡು ಕೂತ.

"ರಸ್ತೆ ಮಧ್ಯೆ ಕೈ ಬಿಟ್ಲು ಅತ್ತಿಗೆ. ಅಭ್ಯಾಸ ಮಾಡ್ತಿದ್ದೀನಿ ಅಂದ್ಲು."

"ಒಳ್ಳೇದೇ ಆಯ್ತಲ್ಲ. ಬಿಡಿಸೋಕಾಗ್ಲಿಲ್ಲ ಅಂತ ನೀನೇ ಅಳ್ತಿದ್ದೆ."

"ಏನ್ ಒಳ್ಳೇದು? ಎಡಕ್ಕೆ ನೋಡ್ಬೇಕಾ ಬಲಕ್ಕೆ ನೋಡ್ಬೇಕಾ ಅನ್ನೋದೇ ಮರೆತುಹೋಗಿದೆ ನನಗೆ!"

ತಿಂಗಳ ಕೊನೆ ಬಂತು. ಡಾಕ್ಟರು, ದೊಡ್ಡ ಸಿಸ್ಟರ್, ಮಾರ್ಕ್ಸ್ ಮೇಡಂ ಕಿಟಕಿಯ ಪಕ್ಕ ನಿಂತರು. ದೊಡ್ಡ ಸಿಸ್ಟರ್ ವಾಡಿಕೆಯಂತೆ ಕಡೆಯವರನ್ನು ಹೊರಗೆ ಕಳಿಸಲು ಹೊರಟರೆ ಇವಳು ಅಡ್ಡ ನಿಂತಳು. "ಇರ್ಲಿ ಸಿಸ್ಟರ್. ದಿನಾ ಹೆಂಗಿರುತ್ತೋ ಹಂಗೇ ನೋಡ್ಲಿ." ಒಬ್ಬೊಬ್ಬರೂ ಹತ್ತಿದರು, ಇಳಿದು ಕೂತರು, ಮತ್ತೆ ಹತ್ತಿದರು. ಓಣಿಯ ಉದ್ದಕ್ಕೂ ಮಕ್ಕಳು, ಸೊಸೆಯಂದಿರು, ತಮ್ಮಂದಿರು ಚಪ್ಪಲಿ ಹಿಡಿದು ಸಾಲಾಗಿ ನಿಂತಿದ್ದರು. ಅಂಕಿಗಳು ಎರಡೂ ಸಲ ತಾಳೆಯಾದವು. ಮಾರ್ಕ್ಸ್ ಮೇಡಂ ಪ್ರತಿ ಸಲವೂ ತಲೆಯಾಡಿಸುತ್ತಿದ್ದಳು. ನಾನು ನನ್ನ ಸರದಿ ಮುಗಿಸಿ ಕುರ್ಚಿಯಲ್ಲಿ ಕೂತಿದ್ದೆ.

ಕೊನೆಯವರು ಡ್ರಿಲ್ ಮೇಷ್ಟ್ರು. ಮೊದಲ ಸಲ ಚೆನ್ನಾಗಿಯೇ ನಿಂತರು. ಎರಡನೇ ಸಲ ಎದೆ ಸೆಟೆಸಿ, ಗಲ್ಲ ಎತ್ತಿ, ಡಾಕ್ಟರ ಎದುರು ಸಲ್ಯೂಟ್ ಹೊಡೆಯಲು ಕೈ ಎತ್ತಿದರು. ಅಷ್ಟೇ, ಮಂಡಿ ಕುಸಿಯಿತು. ಹೆಂಡತಿ ಕಿರುಚಿದರು, ಎರಡು ಚಪ್ಪಲಿಯೂ ಹಾರಿಹೋದವು. ನಮ್ಮವಳ ತೋಳು ಆ ಒಂದು ಗೇಣನ್ನು ಯಾವಾಗ ದಾಟಿತೋ ನಾನು ನೋಡಲಿಲ್ಲ. ನೋಡುವಾಗ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಅವಳ ಬೆರಳು ಅವರ ಮೊಣಕೈಗಿಂತ ಸ್ವಲ್ಪ ಮೇಲೆ ಇದ್ದವು.

ಡಾಕ್ಟರು ಮುಂದೆ ಬಂದು ಮೇಷ್ಟ್ರ ನಾಡಿ ನೋಡಿದರು.

"ಈ ತೂಕ ಬರೀಬೇಡಿ ಮೇಡಂ" ಎಂದಳು ನಮ್ಮವಳು. "ಹಿಡ್ಕೊಂಡುಬಿಟ್ಟೆ."

"ಬರೆಯಲ್ಲ" ಎಂದಳು ಮಾರ್ಕ್ಸ್ ಮೇಡಂ. "ಸುಧಾರಿಸಿಕೊಂಡ ಮೇಲೆ ಇನ್ನೊಂದು ಸಲ ನೋಡೋಣ."

"ನೆಲಮಾಳಿಗೆಗೆ ಯಾವಾಗ ಹೋಗ್ಲಿ ಸಿಸ್ಟರ್?"

ದೊಡ್ಡ ಸಿಸ್ಟರ್ ಹಾರಿಹೋಗಿದ್ದ ಚಪ್ಪಲಿಗಳನ್ನು ಹೆಕ್ಕಿ ತಂದು ಮೇಷ್ಟ್ರ ಹೆಂಡತಿಯ ಕೈಗಿಟ್ಟರು. "ನೆಲಮಾಳಿಗೆಲಿ ಯಾರು ಬೀಳ್ತಾರೆ ಅಂತ ಹೋಗ್ತೀಯ? ಇವರು ಸರಿ ಹೋದ ಮೇಲೆ ಮತ್ತೆ ಹತ್ತಿಸು. ಆಮೇಲೆ ಮೇಲಿನ ವಾರ್ಡಿನವರು ಬರ್ತಾರೆ, ಕುರ್ಚಿ ಎಲ್ಲಿಡ್ಬೇಕು, ಕೈ ಎಲ್ಲಿಡ್ಬೇಕು ತೋರಿಸಿಕೊಡು."

ಮೇಷ್ಟ್ರು ಸುಧಾರಿಸಿಕೊಂಡು, ಡಾಕ್ಟರು ತಲೆಯಾಡಿಸುವವರೆಗೂ ಅವಳು ಕುರ್ಚಿಯ ಪಕ್ಕದಲ್ಲೇ ಕಾದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿ ಗದರಿದಳು.

"ಮೇಷ್ಟ್ರೇ, ಈ ಸಲ ಸಲ್ಯೂಟ್ ಗಿಲ್ಯೂಟ್ ಹೊಡೆದ್ರೆ ನೋಡಿ! ಎರಡೂ ಕೈ ಕೆಳಗೆ."

"ನಿಮ್ಮ ಆರ್ಡರು ತೂಕದಕ್ಕ" ಎಂದು ಅವರು ಕೈ ಇಳಿಬಿಟ್ಟು, ಮೆಲ್ಲಗೆ ಯಂತ್ರದ ಮೇಲೆ ಕಾಲಿಟ್ಟರು.